ಆಮ್‌ಸ್ಟರ್‌ಡ್ಯಾಮ್ ರಾಜಧಾನಿ, ಸರಿ, ಸರ್ಕಾರ ಎಲ್ಲಿದೆ?

ನೆದರ್ಲೆಂಡ್ಸ್‌ನ ಸಂವಿಧಾನವನ್ನು ಮೊದಲಿಂದ ಕೊನೆಯವರೆಗೆ ಓದಿದರೂ ಆಮ್‌ಸ್ಟರ್‌ಡ್ಯಾಮ್ ಎಂಬ ಹೆಸರು ಸಿಗುವುದು ಒಂದೇ ಕಡೆ, 32ನೇ ವಿಧಿಯಲ್ಲಿ. ಅಲ್ಲಿ ಹೇಳಿರುವುದು ಇಷ್ಟು: ಹೊಸ ರಾಜ ಅಧಿಕಾರ ವಹಿಸಿಕೊಂಡ ಮೇಲೆ, ಆದಷ್ಟು ಬೇಗ, ರಾಜಧಾನಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಸಂಸತ್ತಿನ ಎರಡೂ ಮನೆಗಳ ಬಹಿರಂಗ ಜಂಟಿ ಸಭೆಯಲ್ಲಿ ಪ್ರಮಾಣ ಮಾಡಬೇಕು. ಮುಗೀತು. ಸಂಸತ್ತು ಅಲ್ಲಿ ಸೇರಬೇಕು, ಸಚಿವರು ಅಲ್ಲಿ ಕೂರಬೇಕು, ಸುಪ್ರೀಂ ಕೋರ್ಟ್ ಅಲ್ಲಿ ಇರಬೇಕು ಅಂತ ಎಲ್ಲೂ ಬರೆದಿಲ್ಲ. ಅವು ಅಲ್ಲಿ ಇಲ್ಲ ಕೂಡ.

ಎಲ್ಲ ಇರುವುದು ಹೇಗ್ ಎಂಬ ಇನ್ನೊಂದು ಊರಿನಲ್ಲಿ. ಆಮ್‌ಸ್ಟರ್‌ಡ್ಯಾಮ್‌ನಿಂದ ಅಲ್ಲಿಗೆ ರೈಲಿನಲ್ಲಿ ಒಂದು ಗಂಟೆಯೂ ಬೇಡ, ಹೆಚ್ಚುಕಮ್ಮಿ ಬೆಂಗಳೂರಿನಿಂದ ರಾಮನಗರಕ್ಕೆ ಹೋದ ಹಾಗೆ. ಸಂಸತ್ತು, ಪ್ರಧಾನಿ ಕಚೇರಿ, ಸಚಿವಾಲಯಗಳು, ಸುಪ್ರೀಂ ಕೋರ್ಟ್, ರಾಜನ ಮನೆ, ರಾಜನ ಆಫೀಸು, ಬೇರೆ ದೇಶಗಳ ರಾಯಭಾರ ಕಚೇರಿಗಳು ಎಲ್ಲವೂ ಅಲ್ಲೇ. ಡಚ್ಚರು ಆ ಊರನ್ನು ಡೆನ್ ಹಾಖ್ ಅನ್ನುತ್ತಾರೆ. ನಮ್ಮ ಪತ್ರಿಕೆಗಳು ಹೇಗ್ ಅಂತ ಬರೆಯುತ್ತವೆ, 'ಹೇಗ್ ಇದೀರಾ' ಅನ್ನುವಾಗಿನ ಹೇಗ್.

ಇನ್ನೊಂದು ಸಂಗತಿ ಕೇಳಿ. ನೆದರ್ಲೆಂಡ್ಸ್‌ನಲ್ಲಿ 12 ಪ್ರಾಂತ್ಯಗಳಿವೆ. ಆಮ್‌ಸ್ಟರ್‌ಡ್ಯಾಮ್ ಇರುವುದು ಉತ್ತರ ಹಾಲೆಂಡ್ ಪ್ರಾಂತ್ಯದಲ್ಲಿ. ದೇಶದ್ದು ಹೋಗಲಿ, ಆ ಪ್ರಾಂತ್ಯದ ಆಡಳಿತವಾದರೂ ಅಲ್ಲಿರಬೇಕಲ್ವಾ? ಅದೂ ಇಲ್ಲ. ಅದು ಪಕ್ಕದ ಹಾರ್ಲೆಮ್ ಎಂಬ ಪುಟ್ಟ ಊರಿನ ಪಾಲು. ಹೇಗ್ ನೋಡಿದರೆ ದಕ್ಷಿಣ ಹಾಲೆಂಡ್ ಪ್ರಾಂತ್ಯದ ಕೇಂದ್ರವೂ ಹೌದು. 9 ಲಕ್ಷಕ್ಕೂ ಹೆಚ್ಚು ಜನರಿರುವ, ದೇಶದ ಅತಿ ದೊಡ್ಡ ನಗರಕ್ಕೆ ಜಿಲ್ಲಾ ಕೇಂದ್ರದ ಮಟ್ಟದ ಯೋಗವೂ ಇಲ್ಲ.

ಕನ್ನಡದಲ್ಲಿ ರಾಜಧಾನಿ ಅಂದರೆ ರಾಜ ಇರುವ ಊರು. ಇಲ್ಲಿ ರಾಜನೂ ಅಲ್ಲಿಲ್ಲ. ಡಚ್ ಭಾಷೆಯ ಪದಕ್ಕೆ 'ತಲೆಯೂರು' ಅಂತ ಅರ್ಥ ಮಾಡಬಹುದು. ಆ ಲೆಕ್ಕದಲ್ಲಿ ಡಚ್ಚರ ತಲೆ ಒಂದು ಊರಿನಲ್ಲಿ, ಮಿದುಳು ಇನ್ನೊಂದು ಊರಿನಲ್ಲಿ. ಇದನ್ನು ಯಾರೋ ನಕ್ಷೆ ಹರಡಿಕೊಂಡು ಯೋಜನೆ ಹಾಕಿ ಮಾಡಿದ್ದಲ್ಲ. ಗೋಡೆಯಿಲ್ಲದ ಒಂದು ಹಳ್ಳಿ, ಒಂದನ್ನು ಕಂಡರೆ ಒಂದಕ್ಕಾಗದ ಹತ್ತಾರು ಊರುಗಳು, ಆಮೇಲೆ ಹೊರಗಿನಿಂದ ಬಂದ ಒಬ್ಬ ದೊರೆ. ಇವರ ಕಥೆ ಹಿಡಿದುಕೊಂಡು ಹೋದರೆ ಗಂಟು ಬಿಚ್ಚುತ್ತದೆ.

ಬೇಲಿಯ ಊರು

ಹೇಗ್‌ನ ಹಳೆಯ ಹೆಸರಿಗೆ 'ಕೌಂಟನ ಬೇಲಿ' ಎಂದು ಅರ್ಥ. ಕೌಂಟ್ ಅಂದರೆ ನಮ್ಮ ಪಾಳೇಗಾರನಿಗಿಂತ ಒಂದು ಕೈ ಮೇಲು ಅಂದುಕೊಳ್ಳಿ. ಹಾಲೆಂಡಿನ ಕೌಂಟ್‌ಗಳಿಗೆ ಇಲ್ಲಿ ಬೇಟೆಯ ಕಾಡು, ಉಳಿದುಕೊಳ್ಳಲು ಒಂದು ಮನೆ ಇತ್ತು. 1247ರಲ್ಲಿ ಕೌಂಟ್ ಎರಡನೇ ವಿಲೆಮ್‌ಗೆ ಅದೃಷ್ಟ ಖುಲಾಯಿಸಿತು. ಜರ್ಮನ್ ರಾಜಪದವಿಗೆ ಅವನನ್ನು ಆರಿಸಿದರು. ರಾಜ ಅಂದ ಮೇಲೆ ಅರಮನೆ ಬೇಡವೇ? ಇಲ್ಲೇ ಕಟ್ಟಿಸಲು ಕೈ ಹಾಕಿದ. ಆದರೆ 1256ರ ಚಳಿಗಾಲದಲ್ಲಿ ನೆರೆಯ ಫ್ರಿಸಿಯನ್ ಜನರ ಮೇಲೆ ದಂಡೆತ್ತಿ ಹೋದಾಗ ಹೆಪ್ಪುಗಟ್ಟಿದ ನೀರಿನ ಮೇಲೆ ಕುದುರೆ ಸಿಕ್ಕಿಬಿದ್ದು, ಶತ್ರುಗಳ ಕೈಲಿ ಸತ್ತ. ಅರಮನೆಯ ಕೆಲಸವನ್ನು ಅವನ ಮಗ ಐದನೇ ಫ್ಲೋರಿಸ್ ಮುಂದುವರಿಸಿದ. ಆಗ ಎದ್ದುನಿಂತ ದೊಡ್ಡ ಹಜಾರವೇ ರಿಡರ್‌ಜಾಲ್. ನೈಟ್‌ಗಳ ಸಭಾಂಗಣ ಅಂತ ಅರ್ಥ. ಅದರ ಸುತ್ತ ಬೆಳೆದ ಕಟ್ಟಡಗಳ ಗುಂಪಿಗೆ ಬಿನ್ನೆನ್‌ಹಾಫ್ ಎಂದು ಹೆಸರು, ಅಂದರೆ ಒಳಅಂಗಳ. ಇಂದಿನ ಡಚ್ ಸಂಸತ್ತಿನ ಬೇರು ಇರುವುದು ಈ ಅಂಗಳದಲ್ಲೇ.

ಅರಮನೆ ಬಂತು, ಆದರೆ ಊರಿಗೆ ನಗರದ ಪಟ್ಟ ಬರಲಿಲ್ಲ. ಆ ಕಾಲದ ಯುರೋಪಿನಲ್ಲಿ ನಗರ ಅನ್ನುವುದು ಜನಸಂಖ್ಯೆಯ ಲೆಕ್ಕವಲ್ಲ, ಹಕ್ಕಿನ ಲೆಕ್ಕ. ದೊರೆ ಹಕ್ಕುಪತ್ರ ಬರೆದುಕೊಟ್ಟರೆ ಮಾತ್ರ ಕೋಟೆ ಗೋಡೆ, ಸಂತೆ, ಸ್ವಂತ ನ್ಯಾಯಾಲಯ ಎಲ್ಲ. ಹೇಗ್‌ಗೆ ಆ ಹಕ್ಕು ಸಿಕ್ಕಿದ್ದು 1806ರಲ್ಲಿ! ಅಲ್ಲಿಯವರೆಗೆ 'ಯುರೋಪಿನ ಅತಿ ದೊಡ್ಡ ಹಳ್ಳಿ' ಅಂತ ಅದನ್ನು ಕರೆಯುತ್ತಿದ್ದರು. ಗೋಡೆ ಇಲ್ಲದ ಊರಿನ ಗತಿ ಗೊತ್ತಲ್ಲ, ಯುದ್ಧ ಬಂದಾಗಲೆಲ್ಲ ಲೂಟಿ. 1528ರಲ್ಲಿ ಒಮ್ಮೆ ಚೆನ್ನಾಗಿ ದೋಚಿಕೊಂಡು ಹೋದರು. ಸ್ಪೇನ್ ವಿರುದ್ಧ ಡಚ್ಚರು ದಂಗೆ ಎದ್ದ ಕಾಲದಲ್ಲಂತೂ, 1575ರಲ್ಲಿ, ಈ ಊರನ್ನು ಕೆಡವಿಬಿಡೋಣ ಎಂಬ ಮಾತು ಹಾಲೆಂಡಿನ ಸಭೆಯಲ್ಲೇ ಬಂತು. ದಂಗೆಯ ನಾಯಕ ವಿಲಿಯಂ ಆಫ್ ಆರೆಂಜ್ ನಡುವೆ ಬಂದು ಅದನ್ನು ತಪ್ಪಿಸಿದ.

ಕೆಡವಬೇಕು ಅಂದುಕೊಂಡ ಅದೇ ಊರು, 13 ವರ್ಷದ ನಂತರ, 1588ರಲ್ಲಿ, ಹೊಸ ಡಚ್ ಗಣರಾಜ್ಯದ ಆಡಳಿತದ ಜಾಗವಾಯಿತು. ಇದು ಹೇಗಾಯಿತು ಅನ್ನುವುದೇ ಇಡೀ ಕಥೆಯ ಜೀವಾಳ.

ಅರಳಿಕಟ್ಟೆಯ ನ್ಯಾಯ

ಆ ಗಣರಾಜ್ಯ ಏಳು ಪ್ರಾಂತ್ಯಗಳ ಒಕ್ಕೂಟ. ಒಂದೊಂದು ಪ್ರಾಂತ್ಯವೂ ತನಗೆ ತಾನೇ ದೊರೆ. ಎಲ್ಲರೂ ಸೇರುವ ಮಹಾಸಭೆಯಲ್ಲಿ ಪ್ರಾಂತ್ಯಕ್ಕೆ ಒಂದೇ ವೋಟು. ಈ ಏಳರಲ್ಲಿ ಹಾಲೆಂಡ್ ದೈತ್ಯ. ಒಕ್ಕೂಟದ ಖರ್ಚಿನ ಅರ್ಧಕ್ಕಿಂತ ಜಾಸ್ತಿ ಹಣ ಅದೊಂದರಿಂದಲೇ ಬರುತ್ತಿತ್ತು. ಆ ಹಾಲೆಂಡಿನ ಒಳಗೂ ಮತ್ತೊಂದು ಸಭೆ. ಅದರಲ್ಲಿ 18 ನಗರಗಳಿಗೆ ಒಂದೊಂದು ವೋಟು, ಶ್ರೀಮಂತ ಮನೆತನಗಳಿಗೆಲ್ಲ ಸೇರಿ ಒಂದು. ಆಮ್‌ಸ್ಟರ್‌ಡ್ಯಾಮ್ ಆ 18ರಲ್ಲಿ ಒಂದು. ಕಾಗದದ ಮೇಲೆ ಎಲ್ಲರ ಸಮ, ದುಡ್ಡಿನಲ್ಲಿ ಎಲ್ಲರಿಗಿಂತ ಮೇಲೆ.

ಈಗ ಯೋಚಿಸಿ. ಇಂಥ ದೇಶದ ಸರ್ಕಾರವನ್ನು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೂಡಿಸೋಣ ಅಂದರೆ ಉಳಿದ 17 ನಗರಗಳು ಸುಮ್ಮನಿರುತ್ತವೆಯೇ? ಲೈಡನ್, ಡೆಲ್ಫ್ಟ್, ಹಾರ್ಲೆಮ್‌ಗಳದೂ ಅದೇ ಪಾಡು. ಎಲ್ಲಿ ಕೂತರೂ ಆ ಊರಿಗೆ ಮೇಲುಗೈ. ನಮ್ಮ ಹಳ್ಳಿಗಳಲ್ಲಿ ಜಗಳದ ಪಂಚಾಯಿತಿಯನ್ನು ಜಗಳವಾಡುವವರ ಜಗಲಿಯಲ್ಲಿ ಸೇರಿಸುವುದಿಲ್ಲ, ಅರಳಿಕಟ್ಟೆಯ ಮೇಲೆ ಸೇರಿಸುತ್ತಾರೆ. ಹೇಗ್ ಆ ಅರಳಿಕಟ್ಟೆ. ಅದು ನಗರವೇ ಅಲ್ಲದ್ದರಿಂದ ಹಾಲೆಂಡಿನ ಸಭೆಯಲ್ಲಿ ಅದಕ್ಕೆ ವೋಟೇ ಇರಲಿಲ್ಲ. ವೋಟಿಲ್ಲದ ಊರಿನ ಮೇಲೆ ಹೊಟ್ಟೆಕಿಚ್ಚು ಯಾಕೆ? ಜೊತೆಗೆ ಕೌಂಟ್‌ಗಳು ಬಿಟ್ಟುಹೋದ ಅರಮನೆ ಹೇಗೂ ಇತ್ತು. ಬಾಡಿಗೆ ಹುಡುಕುವ ಕೆಲಸವೂ ತಪ್ಪಿತು.

ಪ್ರತಿನಿಧಿಗಳು ಬಂದು ಸೇರುವುದು, ಊರಿಗೆ ವಾಪಸ್ ಹೋಗುವುದು, ಅಲ್ಲಿನ ಹಿರಿಯರನ್ನು ಕೇಳಿಕೊಂಡು ಮತ್ತೆ ಬರುವುದು, ಹೀಗೆ ನಡೆಯುತ್ತಿತ್ತು ಕೆಲಸ. ಮನೆಯಲ್ಲಿ ಕೇಳದೆ ದೊಡ್ಡ ವಿಷಯಕ್ಕೆ ವೋಟು ಹಾಕುವಂತಿರಲಿಲ್ಲ. ಹಾಗಾಗಿ ದೊಡ್ಡ ಊರುಗಳು ಹೇಗ್‌ನಲ್ಲಿ ತಮ್ಮ ಪ್ರತಿನಿಧಿಗಳಿಗೆ ಛತ್ರದಂಥ ಸ್ವಂತ ವಸತಿಮನೆಗಳನ್ನು ಇಟ್ಟುಕೊಂಡವು. ಆಮ್‌ಸ್ಟರ್‌ಡ್ಯಾಮ್‌ನವರ ಅಂಥ ಮನೆ ಅಲ್ಲಿನ ಪ್ಲೇನ್ ಎಂಬ ಚೌಕದಲ್ಲಿ ಇವತ್ತಿಗೂ ನಿಂತಿದೆ. ದೇಶದ ಅತಿ ಶ್ರೀಮಂತ ನಗರ ಸರ್ಕಾರ ಇರುವ ಊರಿನಲ್ಲಿ ವಸತಿ ಹೂಡಿಕೊಂಡು ಇರಬೇಕಾಗಿತ್ತು. ಈ ಚಿತ್ರವೊಂದನ್ನು ನೆನಪಿಟ್ಟುಕೊಂಡರೆ ಎರಡೂ ಊರುಗಳ ಸಂಬಂಧ ಅರ್ಥವಾಗುತ್ತದೆ.

ಸಂಬಂಧ ಯಾವಾಗಲೂ ಸಿಹಿಯಾಗಿರಲಿಲ್ಲ. ಹೇಗ್‌ನಲ್ಲಿ ಸ್ಟಾಟ್‌ಹೌಡರ್ ಅಂತ ಒಬ್ಬ ಇರುತ್ತಿದ್ದ. ರಾಜನಲ್ಲ, ಆದರೆ ಸೇನೆ ಅವನ ಕೈಯಲ್ಲಿ. 1650ರಲ್ಲಿ ಸೈನ್ಯದ ಖರ್ಚಿನ ಜಗಳ ತಾರಕಕ್ಕೇರಿ, ಸ್ಟಾಟ್‌ಹೌಡರ್ ಆಗಿದ್ದ ಇನ್ನೊಬ್ಬ ಎರಡನೇ ವಿಲೆಮ್ ಆಮ್‌ಸ್ಟರ್‌ಡ್ಯಾಮ್ ಮೇಲೆಯೇ ಸೇನೆ ಕಳಿಸಿದ. ರಾತ್ರೋರಾತ್ರಿ ಊರೊಳಗೆ ನುಗ್ಗುವುದು ಲೆಕ್ಕಾಚಾರ. ಕತ್ತಲಲ್ಲಿ, ಕೆಟ್ಟ ಹವೆಯಲ್ಲಿ ಪಡೆಯ ಒಂದು ಭಾಗ ದಾರಿ ತಪ್ಪಿತು. ಹ್ಯಾಂಬರ್ಗ್‌ನಿಂದ ಟಪಾಲು ಹೊತ್ತು ಬರುತ್ತಿದ್ದ ಸವಾರನೊಬ್ಬ ಈ ಸೈನಿಕರನ್ನು ನೋಡಿ, ಓಡಿಬಂದು ಊರಿಗೆ ಸುದ್ದಿ ಮುಟ್ಟಿಸಿದ. ಬಾಗಿಲು ಮುಚ್ಚಿದವು, ಊರು ಉಳಿಯಿತು. ಅಂಚೆಯವನೊಬ್ಬ ಮಹಾನಗರವನ್ನು ಕಾಪಾಡಿದ ಕಥೆ ನನಗಂತೂ ಬಹಳ ಇಷ್ಟ.

ಅಧಿಕಾರ ಇದ್ದ ಕಡೆ ರಕ್ತವೂ ಬೀಳುತ್ತದೆ. ಗಣರಾಜ್ಯವನ್ನು ಕಟ್ಟಿದವರಲ್ಲಿ ಒಬ್ಬನಾದ ಯೋಹಾನ್ ಫಾನ್ ಓಲ್ಡೆನ್‌ಬಾರ್ನೆವೆಲ್ಟ್‌ನ ತಲೆ ಕಡಿದದ್ದು 1619ರಲ್ಲಿ, ಇದೇ ಬಿನ್ನೆನ್‌ಹಾಫ್ ಅಂಗಳದಲ್ಲಿ. 1672ರಲ್ಲಿ ಗಣರಾಜ್ಯದ ದೊಡ್ಡ ರಾಜಕಾರಣಿ ಯೋಹಾನ್ ಡೆ ವಿಟ್ ಮತ್ತು ಅವನ ಅಣ್ಣನನ್ನು ಜನರ ಗುಂಪು ಕೊಂದು ಹಾಕಿದ್ದು ಅಲ್ಲಿಂದ ಕೂಗಳತೆಯಲ್ಲಿ.

ಟೌನ್ ಹಾಲ್ ಅರಮನೆಯಾದ ಕಥೆ

ಹಾಗಾದರೆ ಆಮ್‌ಸ್ಟರ್‌ಡ್ಯಾಮ್‌ಗೆ ರಾಜಧಾನಿ ಪಟ್ಟ ಕಟ್ಟಿದ್ದು ಯಾರು? ಡಚ್ಚರಲ್ಲ. ನೆಪೋಲಿಯನ್‌ನ ತಮ್ಮ.

1806ರಲ್ಲಿ ನೆಪೋಲಿಯನ್ ಹಳೆಯ ಗಣರಾಜ್ಯದ ಉಳಿಕೆಯನ್ನೆಲ್ಲ ಗುಡಿಸಿ ಹಾಕಿ, ಹಾಲೆಂಡ್ ರಾಜ್ಯ ಅಂತ ಮಾಡಿ, ತಮ್ಮ ಲೂಯಿಯನ್ನು ದೊರೆ ಮಾಡಿ ಕಳಿಸಿದ. ಹೇಗ್‌ಗೆ ನಗರದ ಹಕ್ಕು ಕೊಟ್ಟವನೂ ಈ ಲೂಯಿಯೇ. ಪಾಪ, ಲೂಯಿ ಒಳ್ಳೆಯ ಮನುಷ್ಯ. ಡಚ್ ಕಲಿಯಲು ಹೊರಟ. ಆದರೆ 'ನಾನು ನಿಮ್ಮ ರಾಜ' ಅನ್ನಲು ಹೋಗಿ 'ನಾನು ನಿಮ್ಮ ಮೊಲ' ಅಂದುಬಿಟ್ಟ ಅಂತ ಒಂದು ಕಥೆ ಹಬ್ಬಿದೆ. ಡಚ್‌ನಲ್ಲಿ ರಾಜನಿಗೆ ಕೋನಿಂಗ್, ಮೊಲಕ್ಕೆ ಕೊನೈನ್. ನಾಲಿಗೆ ಹೊರಳುವುದು ಸಹಜ.

ಈ ಲೂಯಿಗೆ ಒಂದೇ ಊರಿನಲ್ಲಿ ಕಾಲು ನಿಲ್ಲಲಿಲ್ಲ. ಮೊದಲು ಹೇಗ್, ಆಮೇಲೆ ಉಟ್ರೆಖ್ಟ್, 1808ರಲ್ಲಿ ಆಮ್‌ಸ್ಟರ್‌ಡ್ಯಾಮ್. ಅಲ್ಲಿ ಅರಮನೆ ಇರಲಿಲ್ಲ. ವ್ಯಾಪಾರಿಗಳ ಊರಿನಲ್ಲಿ ಅರಮನೆ ಎಲ್ಲಿಂದ ಬರಬೇಕು? ಇದ್ದದ್ದು ಡಾಮ್ ಚೌಕದ ಟೌನ್ ಹಾಲ್. ಅದೇನು ಸಾಮಾನ್ಯ ಕಟ್ಟಡವಲ್ಲ. 1648ರಲ್ಲಿ ಕೆಲಸ ಶುರುವಾಗಿ 1655ರಲ್ಲಿ ಬಾಗಿಲು ತೆರೆದದ್ದು. ಕೆಸರು ನೆಲದಲ್ಲಿ 13,659 ಮರದ ಕಂಬಗಳನ್ನು ಹೊಡೆದು, ಅದರ ಮೇಲೆ ನಿಲ್ಲಿಸಿದ್ದಾರೆ. ಈ ಸಂಖ್ಯೆ ನೆನಪಿಡಲು ಅಲ್ಲಿನ ಮಕ್ಕಳಿಗೆ ಒಂದು ಸುಲಭದ ದಾರಿ ಇದೆ: ವರ್ಷದ ದಿನಗಳು 365, ಹಿಂದೆ ಒಂದು, ಮುಂದೆ ಒಂಬತ್ತು. ಲೂಯಿ ಈ ಕಟ್ಟಡವನ್ನು ಅರಮನೆ ಮಾಡಿಕೊಂಡ. ನಗರಸಭೆ ಗಂಟುಮೂಟೆ ಕಟ್ಟಿತು. ಎದುರಿಗಿದ್ದ ಹಳೆಯ ತೂಕದ ಮನೆ ನೋಟಕ್ಕೆ ಅಡ್ಡ ಅಂತ ಅದನ್ನೂ ಕೆಡವಿಸಿದ. ಸರಕು ತೂಗುವ ಜಾಗವನ್ನು ಬೀಳಿಸಿ ಚೌಕದ ನೋಟ ಗಳಿಸಿಕೊಂಡ ದೊರೆಯ ಬಗ್ಗೆ ಆ ವ್ಯಾಪಾರಿಗಳು ಏನೆಂದುಕೊಂಡಿರಬಹುದು!

ಎರಡೇ ವರ್ಷದಲ್ಲಿ, 1810ರಲ್ಲಿ, ಅಣ್ಣ ತಮ್ಮನನ್ನು ಇಳಿಸಿ ದೇಶವನ್ನೇ ಫ್ರಾನ್ಸಿಗೆ ಸೇರಿಸಿಕೊಂಡ. 1813ರ ಕೊನೆಗೆ ಫ್ರೆಂಚರು ಕಾಲ್ತೆಗೆದರು. ಹಳೆಯ ಸ್ಟಾಟ್‌ಹೌಡರ್ ಮನೆತನದ ವಿಲೆಮ್ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು ಹೇಗ್ ಪಕ್ಕದ ಸ್ಖೇವನಿಂಗನ್ ಕಡಲತೀರದಲ್ಲಿ ಇಳಿದ. ಈಗ ಅವನ ಮುಂದೆ ಒಂದು ಪೇಚು. ಅವನ ಹಿರಿಯರ ಮನೆ, ಹಳೆಯ ಆಡಳಿತದ ಜಾಗ ಎಲ್ಲ ಹೇಗ್‌ನಲ್ಲಿ. ಆದರೆ ಆಮ್‌ಸ್ಟರ್‌ಡ್ಯಾಮ್‌ನ ಹಣವಂತರನ್ನು ಎದುರು ಹಾಕಿಕೊಂಡು ರಾಜ್ಯ ನಡೆಸುವುದು ಕಷ್ಟ. ಕೊನೆಗೆ ಆದದ್ದು ಒಂದು ಜಾಣ ಹಂಚಿಕೆ. 1814ರ ಸಂವಿಧಾನದಲ್ಲಿ ಆಮ್‌ಸ್ಟರ್‌ಡ್ಯಾಮ್ ರಾಜಧಾನಿ ಅಂತ ಬಂತು, ಪ್ರಮಾಣವಚನ ಅಲ್ಲಿಯೇ ಆಯಿತು. ಸರ್ಕಾರ ಮಾತ್ರ ಹೇಗ್‌ಗೆ ಮರಳಿತು. ಒಬ್ಬರಿಗೆ ಬಿರುದು, ಒಬ್ಬರಿಗೆ ಕೆಲಸ.

ಮರುವರ್ಷ ಬೆಲ್ಜಿಯಂ ಕೂಡ ಇದೇ ರಾಜ್ಯಕ್ಕೆ ಸೇರಿದಾಗ ಇನ್ನೂ ಮಜಾ ಆಯಿತು. ಬ್ರಸೆಲ್ಸ್‌ನವರಿಗೂ ಸಮಾಧಾನ ಆಗಬೇಕಲ್ಲ? ಸಂಸತ್ತು ಒಂದು ವರ್ಷ ಹೇಗ್‌ನಲ್ಲಿ, ಒಂದು ವರ್ಷ ಬ್ರಸೆಲ್ಸ್‌ನಲ್ಲಿ ಸೇರತೊಡಗಿತು. ಕಡತ, ಗುಮಾಸ್ತರು, ಸದಸ್ಯರು ಎಲ್ಲ ಬೆಳಗಾವಿ ಅಧಿವೇಶನಕ್ಕೆ ಹೊರಟ ಹಾಗೆ ಹೊರಡಬೇಕು, ಅದೂ ಕುದುರೆ ಗಾಡಿಯಲ್ಲಿ. 1830ರಲ್ಲಿ ಬೆಲ್ಜಿಯಂ ದಂಗೆ ಎದ್ದು ಬೇರೆಯಾಯಿತು, ಓಡಾಟ ನಿಂತಿತು. 1815ರಲ್ಲಿ ಬೆಲ್ಜಿಯಂ ಸೇರಿದಾಗ ಸಂವಿಧಾನದಿಂದ ಬಿಟ್ಟುಹೋಗಿದ್ದ 'ರಾಜಧಾನಿ' ಎಂಬ ಪದ ಮತ್ತೆ ಒಳಗೆ ಬಂದದ್ದು 1983ರ ಪರಿಷ್ಕರಣೆಯಲ್ಲಿ. ನಡುವಿನ ಅಷ್ಟು ಕಾಲ ಆಮ್‌ಸ್ಟರ್‌ಡ್ಯಾಮ್ ರಾಜಧಾನಿ ಅನ್ನುವುದು ಎಲ್ಲರೂ ಒಪ್ಪಿಕೊಂಡ ವಾಡಿಕೆ, ಅಷ್ಟೇ.

ಕಿರೀಟ ಮೇಜಿನ ಮೇಲೆ

ಆ 32ನೇ ವಿಧಿ ಜೀವ ತಳೆಯುವುದನ್ನು ಜಗತ್ತು ಕೊನೆಯ ಬಾರಿ ನೋಡಿದ್ದು 2013ರ ಏಪ್ರಿಲ್ 30ರಂದು. ಬೆಳಗ್ಗೆ ರಾಣಿ ಬಿಯಾಟ್ರಿಕ್ಸ್ ಡಾಮ್ ಚೌಕದ ಅರಮನೆಯಲ್ಲಿ, ಹೌದು, ಅದೇ ಹಳೆಯ ಟೌನ್ ಹಾಲ್‌ನಲ್ಲಿ, ಪದತ್ಯಾಗದ ಪತ್ರಕ್ಕೆ ಸಹಿ ಹಾಕಿದರು. ಮಧ್ಯಾಹ್ನ ಪಕ್ಕದ ನ್ಯೂವೆ ಕೆರ್ಕ್ ಚರ್ಚಿನಲ್ಲಿ ಮಗ ವಿಲೆಮ್-ಅಲೆಕ್ಸಾಂಡರ್ ಪ್ರಮಾಣ ಮಾಡಿದರು. ಚರ್ಚು ಅಂದ ಮಾತ್ರಕ್ಕೆ ಅದು ಪೂಜೆಯಲ್ಲ. ಅವತ್ತು ಆ ಚರ್ಚು ಸಂಸತ್ತು. ಎರಡೂ ಮನೆಗಳ ಸದಸ್ಯರು ಹೇಗ್‌ನಿಂದ ಬಂದು ಅಲ್ಲಿ ಅಧಿಕೃತ ಸಭೆ ಸೇರಿದ್ದರು. ಕಿರೀಟ, ರಾಜದಂಡ ಎಲ್ಲ ಇತ್ತು, ಆದರೆ ಮೇಜಿನ ಮೇಲೆ. ಡಚ್ ರಾಜನ ತಲೆಯ ಮೇಲೆ ಯಾರೂ ಕಿರೀಟ ಇಡುವುದಿಲ್ಲ. ರಾಜ ಸಂವಿಧಾನಕ್ಕೆ ಮಾತು ಕೊಡುತ್ತಾನೆ, ಸಂಸದರು ತಿರುಗಿ ಮಾತು ಕೊಡುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸುವುದಿಲ್ಲ. ಬಿಯಾಟ್ರಿಕ್ಸ್ ಸಹಿ ಹಾಕಿದ ಕ್ಷಣವೇ ಮಗ ರಾಜನಾಗಿದ್ದ. ವಿಧಿಯ ಮಾತೂ ಅದೇ: 'ಅಧಿಕಾರ ವಹಿಸಿಕೊಂಡ ಮೇಲೆ' ಪ್ರಮಾಣ. ಅಂದರೆ ಆಮ್‌ಸ್ಟರ್‌ಡ್ಯಾಮ್‌ನ ಸಮಾರಂಭದಿಂದ ಯಾರೂ ರಾಜನಾಗುವುದಿಲ್ಲ. ರಾಜಧಾನಿಗೆ ಸಂವಿಧಾನ ಒಪ್ಪಿಸಿದ ಒಂದೇ ಒಂದು ಕೆಲಸವೂ ಆಗಲೇ ಆಗಿಹೋದದ್ದನ್ನು ಊರಿಗೆ ತೋರಿಸುವ ಕೆಲಸ.

ತೋರಿಸುವುದು ಸಣ್ಣ ಮಾತೇ? ಅಲ್ಲ. 1980ರಲ್ಲಿ ಇದೇ ಬಿಯಾಟ್ರಿಕ್ಸ್ ಪ್ರಮಾಣ ಮಾಡಿದ ದಿನ ಆಮ್‌ಸ್ಟರ್‌ಡ್ಯಾಮ್ ಹೊತ್ತಿ ಉರಿಯಿತು. ಊರಲ್ಲಿ ಮನೆಗಳ ಅಭಾವ. ಖಾಲಿ ಕಟ್ಟಡಗಳಲ್ಲಿ ನುಗ್ಗಿ ವಾಸ ಮಾಡುತ್ತಿದ್ದ ಯುವಕರು 'ಮನೆ ಇಲ್ಲದೆ ಪಟ್ಟವಿಲ್ಲ' ಅಂತ ಕೂಗುತ್ತ ಬೀದಿಗಿಳಿದರು. ಪೊಲೀಸರ ಜೊತೆ ದಿನವಿಡೀ ಹೊಡೆದಾಟ. ದೇಶದ ಕಣ್ಣು ಯಾವ ಚೌಕದ ಮೇಲೆ ಇರುತ್ತದೆ ಅನ್ನುವುದು ಪ್ರತಿಭಟಿಸುವವರಿಗೂ ಗೊತ್ತಿರುತ್ತದೆ.

ಪ್ರತಿ ವರ್ಷ ಮೇ 4ರ ರಾತ್ರಿ ಎಂಟಕ್ಕೆ ಆ ಕಣ್ಣು ಮತ್ತೆ ಅದೇ ಡಾಮ್ ಚೌಕಕ್ಕೆ ತಿರುಗುತ್ತದೆ. ಅಲ್ಲಿ 1956ರಲ್ಲಿ ನಿಲ್ಲಿಸಿದ ರಾಷ್ಟ್ರೀಯ ಸ್ಮಾರಕ ಇದೆ. ಒಳಗೆ ಆಗಿದ್ದ ಎಲ್ಲ ಪ್ರಾಂತ್ಯಗಳಿಂದ ತಂದ ಮಣ್ಣು ಇಟ್ಟಿದ್ದಾರೆ. ಯುದ್ಧದಲ್ಲಿ ಸತ್ತವರಿಗಾಗಿ ರಾಜ, ಪ್ರಧಾನಿ, ಜನ ಎಲ್ಲರೂ ಎರಡು ನಿಮಿಷ ಮೌನ ನಿಲ್ಲುತ್ತಾರೆ.

ಹೇಗ್‌ನಲ್ಲಿ ಕೆಲಸ ಹೇಗೆ

ಇನ್ನು ದಿನನಿತ್ಯದ ರಾಜಕೀಯ. ಡಚ್ ಸುದ್ದಿಯಲ್ಲಿ 'ಹೇಗ್ ತೀರ್ಮಾನಿಸಿದೆ' ಅಂದರೆ ಸರ್ಕಾರ ತೀರ್ಮಾನಿಸಿದೆ ಅಂತ. ನಾವು 'ದಿಲ್ಲಿಯವರು ಏನಂತಾರೋ' ಅಂದ ಹಾಗೆ.

ಸಂಸತ್ತಿನಲ್ಲಿ ಎರಡು ಮನೆ. ಹೆಸರು ಸ್ವಲ್ಪ ಗೊಂದಲ: 'ಎರಡನೇ ಮನೆ' ಅನ್ನುವುದೇ ಜನ ನೇರವಾಗಿ ಆರಿಸುವ ಕೆಳಮನೆ, 150 ಸದಸ್ಯರು. 'ಒಂದನೇ ಮನೆ' ಮೇಲ್ಮನೆ, 75 ಸದಸ್ಯರು. ಅವರನ್ನು ಆರಿಸುವವರು ಮುಖ್ಯವಾಗಿ ಪ್ರಾಂತ್ಯಗಳ ಸದಸ್ಯರು. ಕೆಳಮನೆಗೆ ನಮ್ಮ ಹಾಗೆ ಕ್ಷೇತ್ರಗಳಿಲ್ಲ. ಇಡೀ ದೇಶದ ವೋಟು ಒಟ್ಟು ಮಾಡಿ, ಪಕ್ಷಕ್ಕೆ ಬಂದ ಪಾಲಿನ ಪ್ರಕಾರ ಸೀಟು ಹಂಚುತ್ತಾರೆ. ಒಂದು ಸೀಟಿಗೆ ಸಾಕಾಗುವಷ್ಟು ವೋಟು, ಅಂದರೆ ನೂರರಲ್ಲಿ ಒಂದಕ್ಕೂ ಕಡಿಮೆ ಪಾಲು, ಬಂದರೆ ಸಾಕು, ಒಳಗೆ ಬರಬಹುದು. ಹಾಗಾಗಿ ಹತ್ತು ಹದಿನೈದು ಪಕ್ಷಗಳು ಅಲ್ಲಿ ಮಾಮೂಲು. 1918ರಲ್ಲಿ ಈ ಪದ್ಧತಿ ಬಂದ ಮೇಲೆ ಒಂದೇ ಪಕ್ಷಕ್ಕೆ ಬಹುಮತ ಬಂದದ್ದೇ ಇಲ್ಲ.

ಅದಕ್ಕೇ ಅಲ್ಲಿ ಚುನಾವಣೆಗಿಂತ ಚುನಾವಣೆಯ ನಂತರದ ಮಾತುಕತೆ ದೊಡ್ಡದು. ಮೊದಲು ಒಬ್ಬರು ಎಲ್ಲ ಪಕ್ಷಗಳ ಮನಸ್ಸು ತಿಳಿದು ಬರುತ್ತಾರೆ. ಆಮೇಲೆ ಇನ್ನೊಬ್ಬರು ಯಾರ್ಯಾರು ಕೂಡಬಹುದು ಅಂತ ಕೂಡಿಸಿ ನೋಡುತ್ತಾರೆ. ಗಂಡು ಹೆಣ್ಣು ಒಪ್ಪಿದ ಮೇಲೆ ಮದುವೆ ಮಾಡಿಸುವವರು ಮತ್ತೊಬ್ಬರು. ಸಾಮಾನ್ಯವಾಗಿ ಅವರೇ ಮುಂದಿನ ಪ್ರಧಾನಿ. ಈ ಮಧ್ಯಸ್ಥರನ್ನು ನೇಮಿಸುವ ಕೆಲಸ ಹಿಂದೆ ರಾಜಮನೆತನದ ಕೈಯಲ್ಲಿತ್ತು. 2012ರಲ್ಲಿ ಕೆಳಮನೆ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. 2021ರ ಮಾರ್ಚ್ ಚುನಾವಣೆಯ ನಂತರ ಹೊಸ ಸರ್ಕಾರ ಪ್ರಮಾಣ ಮಾಡಲು 299 ದಿನ ಹಿಡಿಯಿತು.

ಆ 299 ದಿನಗಳ ಶುರುವಿನಲ್ಲೇ ಆದ ಒಂದು ಪ್ರಸಂಗ ಹೇಳಲೇಬೇಕು. ಬಿನ್ನೆನ್‌ಹಾಫ್ ಅಂಗಳ ಆಗ ಜನರಿಗೆ ತೆರೆದ ಜಾಗವಾಗಿತ್ತು, ಬಾಗಿಲಲ್ಲಿ ಫೋಟೊ ತೆಗೆಯುವವರು ಕಾಯುತ್ತಲೇ ಇರುತ್ತಿದ್ದರು. ಮಾತುಕತೆಯ ಮಧ್ಯಸ್ಥಿಕೆ ವಹಿಸಿದ್ದ ಕಾಯ್ಸಾ ಓಲೊಂಗ್ರೆನ್ ಅವರಿಗೆ ಕೊರೊನಾ ಇದೆ ಅಂತ ಪರೀಕ್ಷೆಯ ಫಲಿತಾಂಶ ಬಂತು. ಅವಸರದಲ್ಲಿ ಕಾಗದಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದರು. ಫೋಟೊದಲ್ಲಿ ಆ ಟಿಪ್ಪಣಿ ಓದುವಷ್ಟು ಸ್ಪಷ್ಟ. ಸರ್ಕಾರಕ್ಕೆ ತಲೆನೋವಾಗಿದ್ದ ಪೀಟರ್ ಓಮ್‌ಟ್ಜಿಗ್ಟ್ ಎಂಬ ಸಂಸದರ ಹೆಸರು, ಪಕ್ಕದಲ್ಲಿ 'ಬೇರೆ ಕಡೆ ಹುದ್ದೆ'! ದೇಶವೇ ಕೆರಳಿತು. ಪ್ರಧಾನಿ ಮಾರ್ಕ್ ರುಟ್ಟೆ ಕುರ್ಚಿ ಕೂದಲೆಳೆಯಲ್ಲಿ ಉಳಿಯಿತು. ಅಧಿಕಾರ ಎಲ್ಲಿದೆ ಅಂತ ತಿಳಿಯಬೇಕಾದರೆ ಫೋಟೊದವರು ಎಲ್ಲಿ ಕಾಯುತ್ತಾರೆ ನೋಡಿ ಅನ್ನುವುದು ಸುಳ್ಳಲ್ಲ.

ಇದೇ ಅಂಗಳದ ಒಂದು ಮೂಲೆಯಲ್ಲಿ, ಕೊಳದ ದಡಕ್ಕೆ ತಾಗಿ, ಎಂಟು ಮುಖದ ಒಂದು ಪುಟ್ಟ ಗೋಪುರ ಇದೆ. ಹೆಸರೂ ಟೊರೆಂಟ್ಯೆ, 'ಪುಟ್ಟ ಗೋಪುರ' ಅಂತಲೇ. 1982ರಿಂದ, ಈಗಿನ ದುರಸ್ತಿಗೆ ಬಿಟ್ಟುಕೊಡುವವರೆಗೆ, ಪ್ರಧಾನಿಯ ಕೋಣೆ ಅದಾಗಿತ್ತು. ರುಟ್ಟೆ ಅಲ್ಲಿಗೆ ಸೈಕಲ್ ತುಳಿದುಕೊಂಡು ಬರುತ್ತಿದ್ದ ಚಿತ್ರಗಳು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಹರಿದಾಡಿದ್ದವು.

ವರ್ಷಕ್ಕೊಮ್ಮೆ, ಸೆಪ್ಟೆಂಬರ್ ಮೂರನೇ ಮಂಗಳವಾರ, ರಾಜ ಸಾರೋಟಿನಲ್ಲಿ ಬಂದು ಸರ್ಕಾರ ಬರೆದುಕೊಟ್ಟ ಭಾಷಣ ಓದುತ್ತಾನೆ. ಅದೇ ದಿನ ಹಣಕಾಸು ಸಚಿವರು ಪೆಟ್ಟಿಗೆ ಹಿಡಿದುಕೊಂಡು ಬಜೆಟ್ ಮಂಡಿಸುತ್ತಾರೆ. ನಮ್ಮಲ್ಲಿ 2019ರಲ್ಲಿ ಪೆಟ್ಟಿಗೆ ಹೋಗಿ ಕೆಂಪು ಬಟ್ಟೆಯ ಕಟ್ಟು ಬಂತು, ಅಲ್ಲಿ ಇನ್ನೂ ಪೆಟ್ಟಿಗೆಯೇ. ಮೊದಲು ರಾಜ ಬರುತ್ತಿದ್ದದ್ದು ಚಿನ್ನದ ಸಾರೋಟಿನಲ್ಲಿ. 1898ರಲ್ಲಿ ರಾಣಿ ವಿಲ್ಹೆಲ್ಮಿನಾಗೆ ಅದನ್ನು ಉಡುಗೊರೆ ಕೊಟ್ಟವರು ಆಮ್‌ಸ್ಟರ್‌ಡ್ಯಾಮ್ ಜನ, ಓಡಿದ್ದೆಲ್ಲ ಹೆಚ್ಚಾಗಿ ಹೇಗ್ ಬೀದಿಗಳಲ್ಲಿ. ವಸಾಹತುಗಳ ಜನ ಬಿಳಿಯರ ಮುಂದೆ ಕಾಣಿಕೆ ಒಪ್ಪಿಸುವ ಚಿತ್ರ ಅದರ ಒಂದು ಬದಿಯಲ್ಲಿದೆ. ಅದರ ಬಗ್ಗೆ ವಿವಾದ ಬೆಳೆದು, 2022ರಲ್ಲಿ ರಾಜ ಸದ್ಯಕ್ಕೆ ಅದನ್ನು ಹೊರತೆಗೆಯುವುದಿಲ್ಲ ಎಂದರು.

ಯುದ್ಧಕಾಲದ ಒಂದು ಸಂಗತಿ ಇಲ್ಲಿ ಸೇರಿಸಬೇಕು. 1940ರ ಮೇ ತಿಂಗಳಲ್ಲಿ ಜರ್ಮನ್ನರು ದೇಶ ಹಿಡಿದರು, ರಾಣಿ, ಸಚಿವರು ಲಂಡನ್‌ಗೆ ಹೋದರು. ಹಿಟ್ಲರ್ ಕಳಿಸಿದ ಆಡಳಿತಗಾರ ಝೈಸ್-ಇಂಕ್ವಾರ್ಟ್ ಅಧಿಕಾರ ವಹಿಸಿಕೊಂಡದ್ದು ಎಲ್ಲಿ ಗೊತ್ತಾ? ಆಮ್‌ಸ್ಟರ್‌ಡ್ಯಾಮ್‌ನಲ್ಲಲ್ಲ, ಹೇಗ್‌ನ ರಿಡರ್‌ಜಾಲ್‌ನಲ್ಲಿ. ದೇಶ ಕಿತ್ತುಕೊಂಡವರಿಗೂ ಕೀಲಿಕೈ ಎಲ್ಲಿದೆ ಅನ್ನುವುದು ತಿಳಿದಿತ್ತು.

ಬಿರುದಿನ ಜೊತೆ ಏನು ಬರುತ್ತದೆ?

ಆಮ್‌ಸ್ಟರ್‌ಡ್ಯಾಮ್ ಬರಿಗೈ ಅಂತಲ್ಲ. 1814ರಲ್ಲಿ ಹುಟ್ಟಿದ ಕೇಂದ್ರ ಬ್ಯಾಂಕು ಇರುವುದು ಅಲ್ಲಿ. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳಿಂದ ಬೆಳೆದ ಷೇರುಪೇಟೆ ಅಲ್ಲಿಯದು. ರಾಷ್ಟ್ರೀಯ ವಸ್ತುಸಂಗ್ರಹಾಲಯ, ದೊಡ್ಡ ವಿಮಾನ ನಿಲ್ದಾಣ ಎಲ್ಲ ಆ ಕಡೆಯೇ. ಬ್ರೆಕ್ಸಿಟ್ ಕಾರಣಕ್ಕೆ ಯುರೋಪಿನ ಔಷಧ ಸಂಸ್ಥೆ ಲಂಡನ್‌ನಿಂದ ಅಲ್ಲಿಗೇ ಬಂತು. ದುಡ್ಡು, ಕಲೆ, ಪ್ರವಾಸಿಗರು ಆಮ್‌ಸ್ಟರ್‌ಡ್ಯಾಮ್‌ಗೆ, ಕಡತ ಹೇಗ್‌ಗೆ.

ಆದರೆ ಆಡಳಿತದಲ್ಲಿ ರಾಜಧಾನಿ ಅನ್ನುವ ಕಾರಣಕ್ಕೆ ಅದಕ್ಕೆ ವಿಶೇಷ ಸ್ಥಾನ ಇಲ್ಲ. ದಿಲ್ಲಿಯ ಹಾಗೆ ಪ್ರತ್ಯೇಕ ಪ್ರದೇಶ ಅಲ್ಲ. ದೇಶದ 340ಕ್ಕೂ ಹೆಚ್ಚು ಸ್ಥಳೀಯ ಆಡಳಿತಗಳಲ್ಲಿ ಅದೂ ಒಂದು. ಅದರ ಮೇಯರ್ ಕೂಡ ನೇರವಾಗಿ ಚುನಾಯಿತರಲ್ಲ. ನಗರಸಭೆ ಶಿಫಾರಸು ಮಾಡುತ್ತದೆ, ನೇಮಕದ ಆದೇಶ ಸರ್ಕಾರದಿಂದ, ರಾಜನ ಸಹಿಯಲ್ಲಿ ಬರುತ್ತದೆ. ಅಂದರೆ ರಾಜಧಾನಿಗೆ ಮೇಯರ್ ಬರುವುದೂ ಹೇಗ್‌ನ ಕಾಗದದಿಂದ.

ನಮ್ಮವರಿಗೆ ಈ ಎರಡೂರಿನ ವ್ಯವಸ್ಥೆ ತಟ್ಟುವುದು ದೂತಾವಾಸದ ವಿಷಯದಲ್ಲಿ. ಐಟಿ ಕೆಲಸಕ್ಕೆ ಹೋದ ಕನ್ನಡಿಗರೂ ಸೇರಿ ಬಹಳಷ್ಟು ಭಾರತೀಯರು ಮನೆ ಮಾಡಿರುವುದು ಆಮ್‌ಸ್ಟರ್‌ಡ್ಯಾಮ್‌ಗೆ ಅಂಟಿಕೊಂಡ ಆಮ್‌ಸ್ಟೆಲ್‌ವೇನ್ ಕಡೆ. ಭಾರತದ ರಾಯಭಾರ ಕಚೇರಿ ಮಾತ್ರ ಹೇಗ್‌ನಲ್ಲಿದೆ. ರಾಯಭಾರಿ ತನ್ನ ನೇಮಕ ಪತ್ರ ಕೊಡಬೇಕಾದದ್ದು ರಾಜನಿಗೆ, ರಾಜನ ಕೆಲಸದ ಅರಮನೆ ನೂರ್ಡ್‌ಐಂಡೆ ಹೇಗ್‌ನಲ್ಲಿ, ವಿದೇಶಾಂಗ ಸಚಿವಾಲಯವೂ ಅಲ್ಲೇ.

ಹೇಗ್ ಹೆಸರು ನಮ್ಮ ಪತ್ರಿಕೆಗಳಲ್ಲಿ ಜಾಸ್ತಿ ಬರುವುದು ಅಂತರರಾಷ್ಟ್ರೀಯ ನ್ಯಾಯಾಲಯದ ಕಾರಣಕ್ಕೆ. 2019ರ ಜುಲೈನಲ್ಲಿ ಕುಲಭೂಷಣ್ ಜಾಧವ್ ಪ್ರಕರಣದ ತೀರ್ಪು ಬಂದದ್ದು ಅಲ್ಲಿನ ಶಾಂತಿ ಅರಮನೆಯಲ್ಲಿ. ಆ ಕಟ್ಟಡ 1913ರದು, ಹಣ ಕೊಟ್ಟವರು ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ. ಆದರೆ ಇದಕ್ಕೂ ಡಚ್ ಸರ್ಕಾರಕ್ಕೂ ತಳುಕು ಹಾಕಬೇಡಿ. 1899ರ ಶಾಂತಿ ಸಮ್ಮೇಳನ ಅಲ್ಲಿ ನಡೆದದ್ದರಿಂದ ಬೆಳೆದುಬಂದ ಬೇರೆಯೇ ಕವಲು ಅದು. ಆ ಸಮ್ಮೇಳನಕ್ಕೂ ದೊಡ್ಡ ದೇಶಗಳ ಯಾವ ರಾಜಧಾನಿಯೂ ಅಲ್ಲದ, ಯಾರಿಗೂ ಹೊಟ್ಟೆಕಿಚ್ಚು ತರಿಸದ ಊರು ಬೇಕಿತ್ತು. ಹಳೆಯ ಅರಳಿಕಟ್ಟೆ ಮತ್ತೆ ಉಪಯೋಗಕ್ಕೆ ಬಂತು.

ಈಗ ಬಿನ್ನೆನ್‌ಹಾಫ್‌ಗೆ ಬೀಗ. 2021ರಿಂದ ದುರಸ್ತಿ ನಡೆಯುತ್ತಿದೆ. ಸೋರುವ ಸೂರು, ಹಳೆಯ ವೈರು, ಬೆಂಕಿಯ ಭಯ, ನೂರೆಂಟು ಕಾಯಿಲೆ. ಮೊದಲು 47.5 ಕೋಟಿ ಯೂರೊ ಅಂದಾಜಿತ್ತು, ಈಗ ಅದು 200 ಕೋಟಿ ಯೂರೊ ದಾಟಿದೆ. ಸರ್ಕಾರಿ ಕಾಮಗಾರಿಯ ಲೆಕ್ಕ ಯಾವ ದೇಶವಾದರೂ ಒಂದೇ ಜಾತಿ. ರಾಜನ ಸೆಪ್ಟೆಂಬರ್ ಭಾಷಣ ಊರಿನ ನಾಟಕ ಮಂದಿರಕ್ಕೆ ವರ್ಗವಾಯಿತು. ಕೆಳಮನೆ ಹತ್ತಿರದಲ್ಲೇ ಇದ್ದ ವಿದೇಶಾಂಗ ಸಚಿವಾಲಯದ ಹಳೆಯ ಕಟ್ಟಡದಲ್ಲಿ ಸೇರುತ್ತಿದೆ. ಪಕ್ಕದಲ್ಲೇ ಹೇಗ್‌ನ ಸೆಂಟ್ರಲ್ ರೈಲು ನಿಲ್ದಾಣ. ಆಮ್‌ಸ್ಟರ್‌ಡ್ಯಾಮ್ ಕಡೆ ಹೋಗುವ ರೈಲು ಅಲ್ಲಿಂದಲೇ ಹೊರಡುತ್ತದೆ.